ಮಾಲೆ ಹಾಕಿದವರಿಗೆ ಡಾಕ್ಟರ್ ಉತ್ತರ (ಕೋಲಾರ ಯಾತ್ರಿಕರ ಗುಂಪು)

ಡಾಕ್ಟರ್: ಶಬರಿಮಲೆಗೆ ಹೊರಟವರು ಕೇಳಿ. ಕ್ಲಿನಿಕ್ ಮುಗಿದ ಮೇಲೆ ಉತ್ತರ ಬರೆಯುತ್ತೇನೆ.

ಮಾಲೂರು ಹೆಂಚು: ಮೇಡಂ, ಕೇರಳದಲ್ಲಿ ಮೆದುಳು ತಿನ್ನುವ ಅಮೀಬಾ ಅಂತಾರೆ. ಪಂಪೆಯಲ್ಲಿ ಮುಳುಗಬಹುದಾ?

ಡಾಕ್ಟರ್: ಅದು ಮೂಗಿನಿಂದ ಒಳಗೆ ಹೋಗುತ್ತದೆ, ಕುಡಿದರೆ ಅಲ್ಲ. ತಲೆ ಮುಳುಗಿಸಬೇಡಿ. ಮುಳುಗಲೇಬೇಕಾದರೆ ಮೂಗು ಬಿಗಿಯಾಗಿ ಹಿಡಿಯಿರಿ. ಕುಡಿಯೋಕೆ ಕಾಯಿಸಿದ ನೀರೇ ಇರಲಿ, ವಾಂತಿ ಭೇದಿಯ ಭಯ ಅದಕ್ಕಿಂತ ಜಾಸ್ತಿ.

ಮಾವಿನತೋಪು, ಶ್ರೀನಿವಾಸಪುರ: ನಮ್ಮ ಅಪ್ಪನಿಗೆ 58. ಸಕ್ಕರೆ ಕಾಯಿಲೆ ಬಂದು 12 ವರ್ಷ. ಮಾಲೆ ಹಾಕಿ 3 ವಾರ ಆಯಿತು. ಬರಿಗಾಲು, ಒಪ್ಪತ್ತು ಊಟ. ‘ಮುಳ್ಳು ಚುಚ್ಚಿದರೂ ನೋವಿಲ್ಲ, ಸ್ವಾಮಿ ದಯೆ’ ಅಂತಾರೆ. ಬೆಟ್ಟ ಹತ್ತಬಹುದಾ?

ಕೆಜಿಎಫ್ ಅಕ್ಕ: ನಾವು ಓಂಶಕ್ತಿ ಬಸ್ಸಲ್ಲಿ ಮೇಲ್‌ಮರುವತ್ತೂರಿಗೆ ಹೋಗುತ್ತೇವೆ. ನಾದಿನಿಗೆ ಬಸ್ಸಲ್ಲಿ ವಾಂತಿ. ಯಾವ ಮಾತ್ರೆ ಕೊಡಲಿ?

ಡಾಕ್ಟರ್: ಶ್ರೀನಿವಾಸಪುರದವರೇ, ನಿಮ್ಮ ಅಪ್ಪನ ಮಾತು ಓದಿ ನನಗೆ ಭಯ ಆಯಿತು. ಮುಳ್ಳು ಚುಚ್ಚಿದರೂ ನೋವಿಲ್ಲ ಅಂದರೆ ಪಾದದ ನರ ಸತ್ತಿರಬಹುದು. ಗಾಯ ಆಗುತ್ತದೆ, ಗೊತ್ತಾಗುವುದಿಲ್ಲ. ಅದೇ ಕಾಲಲ್ಲಿ ನಡೆಯುತ್ತಾರೆ, ಕೀವು ತುಂಬುತ್ತದೆ, ಮೂಳೆಗೆ ಇಳಿಯುತ್ತದೆ. ಹೀಗೆ ಬೆರಳು ಕಳೆದುಕೊಂಡವರನ್ನು ನಾನು ಪ್ರತಿ ವರ್ಷ ಮಕರಜ್ಯೋತಿ ಆದಮೇಲೆ ನೋಡುತ್ತೇನೆ. ಇವತ್ತು ರಾತ್ರಿಯೇ ಟಾರ್ಚ್ ಹಿಡಿದು ಅಂಗಾಲು, ಹಿಮ್ಮಡಿ, ಬೆರಳ ಸಂದಿ ನೋಡಿ. ಕಾಲನ್ನು ಬಿಸಿನೀರಲ್ಲಿ ಇಡಬೇಡಿ, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಇನ್ನೊಂದು ವಿಷಯ. ಮೂರು ಹೊತ್ತು ಉಣ್ಣುವವರಿಗೆ ಬರೆದ ಮಾತ್ರೆಯನ್ನೇ ಒಪ್ಪತ್ತಿನಲ್ಲೂ ನುಂಗುತ್ತಿದ್ದಾರಾ? ಹಾಗಿದ್ದರೆ ಸಕ್ಕರೆ ದಿಢೀರ್ ಇಳಿಯಬಹುದು. ಪಂಪೆಯಿಂದ ಸನ್ನಿಧಾನಕ್ಕೆ ಸುಮಾರು 5 ಕಿ.ಮೀ. ಏರು, ಅಲ್ಲಿ ಬೆವರಿ ನಡುಗಿದರೆ ಎಲ್ಲರೂ ಸುಸ್ತು ಅಂದುಕೊಳ್ಳುತ್ತಾರೆ. ಮಾತ್ರೆ ಚೀಟಿ ನನಗೆ ಕಳಿಸಿ. ನೀವಾಗೇ ನಿಲ್ಲಿಸಬೇಡಿ. ಬರಿಗಾಲು ಇವತ್ತಿಗೇ ಸಾಕು.

ಬಂಗಾರಪೇಟೆ ಸ್ವಾಮಿ: ಫಾರ್ವರ್ಡ್: ಬೆಟ್ಟ ಹತ್ತುವಾಗ ಕರ್ಪೂರ, ಲವಂಗ, ಓಮದ ಗಂಟು ಮೂಸಿ, ಆಕ್ಸಿಜನ್ ಏರುತ್ತದೆ. ಎದೆನೋವು ಬಂದರೆ ಜೋರಾಗಿ ಕೆಮ್ಮಿ, ಹಾರ್ಟ್ ಅಟ್ಯಾಕ್ ನಿಲ್ಲುತ್ತದೆ. 10 ಜನಕ್ಕೆ ಕಳಿಸಿ.

ಡಾಕ್ಟರ್: ಒಬ್ಬರಿಗೂ ಕಳಿಸಬೇಡಿ. ಎರಡೂ ಸುಳ್ಳು. ಕರ್ಪೂರ ಮಕ್ಕಳ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ, ಜೀವವೂ ಹೋಗಬಹುದು. ಎದೆ ಬಿಗಿದರೆ ಹತ್ತೋದು ನಿಲ್ಲಿಸಿ, ಕೂತುಕೊಳ್ಳಿ. ನೀಲಿಮಲೆ, ಅಪ್ಪಾಚಿಮೇಡುಗಳಲ್ಲಿ ವೈದ್ಯರಿರುತ್ತಾರೆ, ಜೊತೆಯವರು ಓಡಲಿ.

ಬಂಗಾರಪೇಟೆ ಸ್ವಾಮಿ: ಚಪ್ಪಲಿ ಹಾಕಿದರೆ ವ್ರತ ಎಲ್ಲಿ ಉಳಿಯಿತು? ನಾನು 18 ವರ್ಷ ಹತ್ತಿದ್ದೇನೆ, ಏನೂ ಆಗಿಲ್ಲ.

ಮುಳಬಾಗಿಲು ಮೇಷ್ಟ್ರು: ನಿಮಗೆ ಸಕ್ಕರೆ ಇದೆಯಾ ಸ್ವಾಮಿ? ಅವರ ಕಾಲು ಹೋದರೆ ನೀವು ಹೊರುತ್ತೀರಾ?

ಬಂಗಾರಪೇಟೆ ಸ್ವಾಮಿ: ಅಯ್ಯಪ್ಪ ನೋಡಿಕೊಳ್ಳುತ್ತಾನೆ. ನಂಬಿಕೆ ಇಲ್ಲದವರಿಗೆ ಇಲ್ಲೇನು ಕೆಲಸ?

ಮುಳಬಾಗಿಲು ಮೇಷ್ಟ್ರು: ನಂಬಿಕೆ ನಿಮ್ಮೊಬ್ಬರ ಸ್ವತ್ತಾ? ನಮ್ಮ ಮನೆಯಲ್ಲೂ ಇರುಮುಡಿ ಕಟ್ಟುತ್ತಾರೆ. ನಮ್ಮ ಗುರುಸ್ವಾಮಿಯೇ ಸಕ್ಕರೆ ಇರುವವರಿಗೆ ಚಪ್ಪಲಿ ಹಾಕಿಸುತ್ತಾರೆ.

ಟೇಕಲ್ ಹುಡುಗ: ಮೇಡಂ, ಪಂಪೆ ಸ್ನಾನ ಮಾಡಬಹುದಾ? ಅಮೀಬಾ?

ಡಾಕ್ಟರ್: ಮೇಲೆ ಓದಿ.

ಬಂಗಾರಪೇಟೆ ಸ್ವಾಮಿ: ಡಾಕ್ಟರುಗಳಿಗೆ ಎಲ್ಲದರಲ್ಲೂ ಕಾಯಿಲೆಯೇ ಕಾಣುತ್ತದೆ.

ಡಾಕ್ಟರ್: ಕಾಲು ಕತ್ತರಿಸಿದ ಮೇಲೆ ಮನೆಯವರ ಮುಂದೆ ನಿಂತು ಮಾತಾಡುವುದು ನಾವು, ನೀವಲ್ಲ. ಚಪ್ಪಲಿ ವಾದ ಇಲ್ಲಿಗೆ ನಿಲ್ಲಲಿ. ಶ್ರೀನಿವಾಸಪುರದವರು ಕಾಲು ನೋಡಿದಿರಾ?

ಮಾವಿನತೋಪು, ಶ್ರೀನಿವಾಸಪುರ: ಈಗ ನೋಡಿದೆ ಮೇಡಂ. ಎಡ ಹಿಮ್ಮಡಿಯಲ್ಲಿ ತೂತು. ಒಳಗೆ ಜಲ್ಲಿ ಚೂರು ಸಿಕ್ಕಿಕೊಂಡಿದೆ, ವಾಸನೆ ಬರುತ್ತಿದೆ. ಅಪ್ಪನಿಗೆ ಗೊತ್ತೇ ಇಲ್ಲ.

ಡಾಕ್ಟರ್: ಕೀಳಬೇಡಿ. ಒಣ ಬಟ್ಟೆ ಸುತ್ತಿ. ಆ ಕಾಲು ನೆಲಕ್ಕೆ ತಾಗಬಾರದು. ಜ್ವರ, ಚಳಿ ಇದ್ದರೆ ಈಗಲೇ ಆಸ್ಪತ್ರೆಗೆ ಹೊರಡಿ. ಇಲ್ಲದಿದ್ದರೆ ಬೆಳಗ್ಗೆ 8 ಗಂಟೆಗೆ ನನ್ನ ಹತ್ತಿರ ಬನ್ನಿ, ಮಾತ್ರೆ ಚೀಟಿ ತನ್ನಿ. ಮಾಲೆ ತೆಗೆಯುವುದು ಬೇಡ ಅಂತ ಅಪ್ಪನಿಗೆ ಹೇಳಿ, ಆಗ ಬರುತ್ತಾರೆ.