ಪದ ಬೇಕು (ತುರ್ತು): ಎತ್ತರದ ಮರುಭೂಮಿಯ ಜೀಪ್ ಪ್ರವಾಸ, ಎರಡು ಬಗೆಯ 'ಬುಗ್ಗೆ'

ಎಲ್ಲರಿಗೂ ನಮಸ್ಕಾರ.

ಬೊಲಿವಿಯಾದ ಉಯುನಿಯಿಂದ ಹೊರಡುವ ಜೀಪ್ ಪ್ರವಾಸದ ಕೈಹಾಳೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ಹಗಲು, ಎರಡು ರಾತ್ರಿ. ಒಂದು ಜೀಪಿಗೆ ಆರು ಜನ, ಒಬ್ಬ ಡ್ರೈವರ್. ಹೋಗುವವರೆಲ್ಲ ಕನ್ನಡದವರೇ, ಅದರಲ್ಲಿ ವಯಸ್ಸಾದವರು ಜಾಸ್ತಿ. ನಾಳೆ ಬೆಳಿಗ್ಗೆ ಅಚ್ಚಿಗೆ ಕೊಡಬೇಕು.

ಮೊದಲ ದಿನದ ಉಪ್ಪಿನ ಹರವಿಗೆ ಅಲ್ಲಿ 'ಸಲಾರ್' ಅನ್ನುತ್ತಾರೆ. ಹತ್ತು ಸಾವಿರ ಚದರ ಕಿಲೋಮೀಟರ್‌ಗಿಂತ ದೊಡ್ಡದು, ಸುಮಾರು 3,650 ಮೀಟರ್ ಎತ್ತರದಲ್ಲಿದೆ. ನಾನು 'ಉಪ್ಪಿನ ಬಯಲು' ಎಂದು ಬರೆದಿದ್ದೇನೆ. ನಡೆಯುತ್ತಾ? ಎರಡನೇ ದಿನದ ಜಾಗಕ್ಕೆ 'ಎತ್ತರದ ಮರುಭೂಮಿ' ಎಂದಿದ್ದೇನೆ, ಸಪ್ಪೆ ಅನಿಸುತ್ತಿದೆ. ಎತ್ತರಕ್ಕೆ ಹೋದವರಿಗೆ ಬರುವ ತಲೆನೋವು, ವಾಕರಿಕೆಗೆ ಅಲ್ಲಿನವರು 'ಸೊರೋಚೆ' ಅನ್ನುತ್ತಾರೆ. ಅದಕ್ಕೂ ಒಂದು ಪದ ಬೇಕು.

ನಿಜವಾದ ತಲೆನೋವು ಮೂರನೇ ದಿನದ್ದು. ಬೆಳಗಿನ ಜಾವ ಸೋಲ್ ದೆ ಮನ್ಯಾನಾ ಎಂಬಲ್ಲಿ ನಿಲ್ಲಿಸುತ್ತಾರೆ. ನೆಲದ ತೂತುಗಳಿಂದ ಹಬೆ ನುಗ್ಗುತ್ತಿರುತ್ತದೆ, ಪಕ್ಕದಲ್ಲೇ ಬೂದು ಕೆಸರು ಕೊತಕೊತ ಕುದಿಯುತ್ತಿರುತ್ತದೆ. ಅಲ್ಲಿಂದ ಮುಂದೆ ಪೋಲ್ಕೆಸ್. ಅಲ್ಲಿರುವುದು ಹಾಯಾಗಿ ಕೂತು ಮೀಯುವ ಕೊಳ. ನನ್ನ ಬಳಿಯ ಶಬ್ದಕೋಶಗಳು ಎರಡಕ್ಕೂ 'ಬಿಸಿನೀರಿನ ಬುಗ್ಗೆ' ಎನ್ನುತ್ತವೆ. ಒಂದೇ ಹಾಳೆಯಲ್ಲಿ ನಾಲ್ಕು ಸಾಲಿನ ಅಂತರದಲ್ಲಿ ಎರಡೂ ಬರುತ್ತವೆ. ಏನು ಮಾಡಲಿ?

*

'ಮರುಭೂಮಿ' ಬಿಡಿ. ನಮ್ಮದೇ 'ಬೆಂಗಾಡು' ಇದೆ. 'ಮರಳುಗಾಡು' ಬೇಡ, ಅಲ್ಲಿ ಮರಳಿಗಿಂತ ಕಲ್ಲು, ಬೂದಿಮಣ್ಣು ಹೆಚ್ಚು. 'ಪ್ರವಾಸ' ಎಂದರೆ ಮೂಲದಲ್ಲಿ ಮನೆ ಬಿಟ್ಟು ಪರಊರಿನಲ್ಲಿ ಇರುವುದು. ನಿಮಗೆ ಬೇಕಾದದ್ದು 'ಪಯಣ'. ಜೀಪಿಗೆ 'ಗುಡ್ಡಬಂಡಿ'. ಸೊರೋಚೆಗೆ 'ಏರುಬೇನೆ'. 'ಮೇಲ್ನಾಡ ಬೆಂಗಾಡಿನಲ್ಲಿ ಗುಡ್ಡಬಂಡಿ ಪಯಣ' ಎಂದು ತಲೆಬರಹ ಕೊಡಿ. ಅಚ್ಚಗನ್ನಡ, ಕಿವಿಗೂ ಇಂಪು.

*

ಅಚ್ಚಗನ್ನಡವೇ? 'ಪಯಣ' ಬಂದದ್ದು 'ಪ್ರಯಾಣ'ದಿಂದ. 'ಬೇನೆ' ಬಂದದ್ದು 'ವೇದನೆ'ಯಿಂದ. ಶಾಲೆಯ ತತ್ಸಮ-ತದ್ಭವ ಪಟ್ಟಿಯಲ್ಲೇ ಇವೆ. 'ಬೆಂಗಾಡು' ಬೇಯುವುದಕ್ಕೆ ಸೇರಿದ್ದು. ಅಲ್ಲಿ ಜೂನ್, ಜುಲೈ ರಾತ್ರಿಗಳಲ್ಲಿ ಸೊನ್ನೆಗಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗೆ ಇಳಿಯುತ್ತದೆ. ಬೆಂಗಾಡು ಎಂದು ಓದಿದವರು ಹತ್ತಿಬಟ್ಟೆ ತುಂಬಿಕೊಂಡು ಹೋದರೆ ಹೊಣೆ ಯಾರು? ಪಠ್ಯಪುಸ್ತಕಗಳಲ್ಲಿ 'ಶೀತ ಮರುಭೂಮಿ' ಇದೆ. ಅದನ್ನೇ ಹಾಕಿ.

ಗುಡ್ಡಬಂಡಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ.

*

ಮೇಷ್ಟ್ರೇ, 'ಊರೆಲ್ಲ ಬೆಂಗಾಡಾಯಿತು' ಎನ್ನುವಾಗ ನಾವು ಥರ್ಮಾಮೀಟರ್ ಹಿಡಿದು ನಿಲ್ಲುತ್ತೇವಾ? ಹಸಿರಿಲ್ಲದ ನೆಲ ಬೆಂಗಾಡು, ಅಷ್ಟೇ. ಹಿಮ ಬಿದ್ದರೂ ಬೆಳೆ ಸುಟ್ಟುಹೋಯಿತು ಅಂತಲೇ ಅಲ್ವಾ ಹೇಳುವುದು? 'ಶೀತ ಮರುಭೂಮಿ' ಪರೀಕ್ಷೆಗೆ ಬರೆಯುವ ಮಾತು. ಯಾರ ಬಾಯಲ್ಲೂ ಬರುವುದಿಲ್ಲ. ತದ್ಭವ ಆದಮೇಲೆ ಅದು ನಮ್ಮದೇ. ಅಜ್ಜಿ 'ಬೇನೆ' ಅನ್ನುತ್ತಾಳೆ, 'ವೇದನೆ' ಅನ್ನುವುದಿಲ್ಲ.

*

ತದ್ಭವ ನಮ್ಮದಾದರೆ 'ಜೀಪು' ಕೂಡ ನಮ್ಮದೇ. ಕೊನೆಗೆ ಉಕಾರ ಅಂಟಿದ ದಿನವೇ ಅದಕ್ಕೆ ಪೌರತ್ವ ಸಿಕ್ಕಿತು. ಎರಡು ಕಡೆಯಿಂದಲೂ ಮಾತಾಡಬೇಡಿ.

*

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಸರ ಬೇಡ. ಸಲಾರ್‌ಗೆ 'ಉಪ್ಪಿನಾಗರ' ಯಾಕಾಗಬಾರದು? ಕರಾವಳಿಯಲ್ಲಿ ಜನ ದಿನಾ ಆಡುವ ಮಾತು. ಉಯುನಿ ಪಕ್ಕದ ಕೊಲ್ಚಾನಿಯಲ್ಲಿ ಉಪ್ಪನ್ನು ಕೆರೆದು ಪುಟ್ಟ ಪುಟ್ಟ ಗುಪ್ಪೆ ಮಾಡಿ ನೀರಿಳಿಯಲು ಬಿಡುತ್ತಾರೆ. ಫೋಟೋ ನೋಡಿದರೆ ನಮ್ಮ ಆಗರವೇ ಅನಿಸುತ್ತದೆ. 'ಆಗರ' ಎಂದರೆ 'ಆಕರ', ಗಣಿ, ಒಂದು ವಸ್ತು ಹೇರಳವಾಗಿ ಸಿಗುವ ಜಾಗ. ಅರ್ಥವೂ ಸರಿಯಾಗಿ ಕೂರುತ್ತದೆ.

*

ಕೂರುವುದಿಲ್ಲ. ಆಗರ ಎಂದರೆ ಮನುಷ್ಯ ಬದು ಕಟ್ಟಿ, ಉಪ್ಪುನೀರು ಹಾಯಿಸಿ, ಒಣಗಿಸಿ ತೆಗೆಯುವ ಜಾಗ. ಸಲಾರ್ ಹಳೆಯ ಕಾಲದ ದೊಡ್ಡ ಸರೋವರಗಳು ಬತ್ತಿ ಉಳಿದ ನೆಲ. ಅದನ್ನು ಯಾರೂ ಕಟ್ಟಿಲ್ಲ. 'ಉಪ್ಪಿನ ಬಯಲು' ಚೆನ್ನಾಗಿದೆ, ಕೈ ಹಚ್ಚಬೇಡಿ.

ಹಾಗೆಯೇ ಎರಡನೇ ದಿನದ, ಕೆಂಪು ನೀರಿನ ಲಗೂನಾ ಕೊಲೊರಾದಾಕ್ಕೆ ಯಾರಾದರೂ 'ಕೆಂಗೆರೆ' ಅಂತ ಬರೆಯುವ ಮೊದಲೇ ಹೇಳುತ್ತೇನೆ. ಕೆರೆ ಎಂದರೆ ಕಟ್ಟಿಸಿದ್ದು. ಏರಿ ಇರಬೇಕು, ತೂಬು ಇರಬೇಕು. ಅದು ಸರೋವರ.

*

ಅಬ್ಬಾ! 'ಸರೋವರ' ಸಂಸ್ಕೃತ ಎಂದು ಈಗ ಇನ್ನೊಂದು ಸುತ್ತು ಶುರುವಾಗುತ್ತದೆ.

ಮೇಡಂ, ನಾನು ಆ ದಾರಿಯಲ್ಲಿ ಹೋಗಿ ಬಂದವನು. ಪದಗಳ ಜಗಳ ಇವರಿಗೇ ಬಿಡಿ, ನಿಮ್ಮ ಮೂರನೇ ದಿನದ ಸಾಲು ಮೊದಲು ಸರಿ ಮಾಡಿ. ಸೋಲ್ ದೆ ಮನ್ಯಾನಾ ಇರುವುದು ಸುಮಾರು 4,850 ಮೀಟರ್ ಎತ್ತರದಲ್ಲಿ. ಜೀಪ್ ತಲುಪುವಾಗ ಇನ್ನೂ ನಸುಕು, ಕೈ ಮರಗಟ್ಟುವ ಚಳಿ. ಇಳಿದ ತಕ್ಷಣ ಎಲ್ಲರೂ ಬೆಚ್ಚಗಿರುವ ಕಡೆಗೇ ಹೋಗುತ್ತಾರೆ, ಅಂದರೆ ಹಬೆಯ ಕಡೆಗೆ. ನಾವು ಹೋದಾಗ ತಡೆಬೇಲಿ ಅಂತ ಏನೂ ಕಾಣಲಿಲ್ಲ. ಗುಂಡಿಯ ಅಂಚಿನಲ್ಲಿ ಮಣ್ಣು ಗಟ್ಟಿಯಾಗಿ ಕಾಣುತ್ತದೆ, ಆದರೆ ಕೆಳಗೆ ಟೊಳ್ಳಿರುತ್ತದೆ. ಹಬೆ ಮುಖಕ್ಕೆ ಹೊಡೆದರೆ ಕಾಲಿಟ್ಟ ಜಾಗ ಕಾಣುವುದಿಲ್ಲ. ಆ ಎತ್ತರದಲ್ಲಿ ನೀರು ನೂರು ಡಿಗ್ರಿಗಿಂತ ಬಹಳ ಮೊದಲೇ ಕುದಿಯುತ್ತದೆ ನಿಜ, ಆದರೂ ಚರ್ಮ ಸುಲಿಯಲು ಧಾರಾಳ ಸಾಕು.

ಇಂಥ ಕಡೆ 'ಬಿಸಿನೀರಿನ ಬುಗ್ಗೆ' ಎಂದು ಅಚ್ಚು ಹಾಕಿದರೆ ನಮ್ಮ ಹಿರಿಯರು ತೀರ್ಥ ಎಂದುಕೊಂಡು ಕೈಯೊಡ್ಡುತ್ತಾರೆ. ನಗಬೇಡಿ. 'ಬುಗ್ಗೆ' ಅಂದರೆ ನಮಗೆ ಒಳ್ಳೆಯ ನೀರು. ಆ ಪದದಲ್ಲಿ ಭಯವೇ ಇಲ್ಲ.

ಹಾಗಾಗಿ ಮೊದಲನೆಯದಕ್ಕೆ 'ಹಬೆಗುಂಡಿ' ಎನ್ನಿ. ಅಲ್ಲಿ ಕಾರಂಜಿಯ ಹಾಗೆ ಚಿಮ್ಮುವ ನೀರು ಇಲ್ಲ ಅನ್ನಬಹುದು, ಇರುವುದು ಹಬೆ ಮತ್ತು ಕೆಸರು. ಗುಂಡಿ ಎಂದರೆ ಯಾರಾದರೂ ಎರಡು ಹೆಜ್ಜೆ ಹಿಂದೆ ನಿಲ್ಲುತ್ತಾರೆ. ಪೋಲ್ಕೆಸ್‌ಗೆ 'ಬಿಸಿನೀರಿನ ಕೊಳ'. ಕೊಳ ಎಂದರೆ ಇಳಿಯಬಹುದು ಎಂದು ತಾನೇ ಗೊತ್ತಾಗುತ್ತದೆ.

ಸೊರೋಚೆಗೆ ಹೆಸರೇ ಬೇಡ. 'ತಲೆನೋವು, ವಾಕರಿಕೆ, ಉಸಿರಾಟಕ್ಕೆ ಕಷ್ಟ ಆದರೆ ಕೂಡಲೇ ಡ್ರೈವರ್‌ಗೆ ಹೇಳಿ' ಎಂದು ಬರೆಯಿರಿ, ಪಕ್ಕದಲ್ಲಿ 'ಸೊರೋಚೆ' ಎಂದು ಕನ್ನಡ ಅಕ್ಷರದಲ್ಲಿ ಕೊಡಿ. ಡ್ರೈವರ್‌ಗೆ ಅರ್ಥವಾಗುವುದು ಆ ಒಂದು ಪದ ಮಾತ್ರ. 'ಏರುಬೇನೆ' ಎಂದು ಅವನ ಮುಂದೆ ಗೋಗರೆದರೆ, ಇದಕ್ಕೆ ಅಲ್ಲಿನವರು ಅಗಿಯುವ ಕೋಕಾ ಎಲೆ ಕೂಡ ಸಿಗುವುದಿಲ್ಲ.

*

ಹೋಗಿ ಬಂದವರ ಮಾತಿಗೆ ಬೆಲೆ ಇದೆ. ಆದರೆ 'ಸೊರೋಚೆ'ಯನ್ನು ಹಾಗೇ ಉಳಿಸುವುದು ಸೋಮಾರಿತನ. ಇವತ್ತು ಸೊರೋಚೆ, ನಾಳೆ ಸಲಾರ್, ನಾಡಿದ್ದು ಇಡೀ ಸಾಲು. ನುಡಿ ಸಾಯುವುದು ಹೀಗೆಯೇ. 'ಸೋಲ್ ದೆ ಮನ್ಯಾನಾ' ಎಂದರೆ ಬೆಳಗಿನ ಸೂರ್ಯ. ಹಾಗೆ ಬರೆಯಲು ಏನು ಕಷ್ಟ?

*

ಅದು ಜಾಗದ ಹೆಸರು. ದಾರಿ ತಪ್ಪಿದವನು 'ಬೆಳಗಿನ ಸೂರ್ಯ ಎಲ್ಲಿ' ಎಂದು ಕೇಳಿದರೆ ಪೂರ್ವಕ್ಕೆ ಕೈ ತೋರಿಸುತ್ತಾರೆ.

ಎರವಲಿನಿಂದ ನುಡಿ ಸಾಯುತ್ತದೆ ಎನ್ನುವವರು 'ಮೇಜು', 'ಸಾಬೂನು', 'ಅನಾನಸು' ಬಿಟ್ಟು ಒಂದು ದಿನ ಕಳೆಯಲಿ. ಮೂರೂ ಹೊರಗಿನಿಂದ ಬಂದ ಪದಗಳೇ. ಅನಾನಸಂತೂ ಹೆಸರಿನ ಸಮೇತ ದಕ್ಷಿಣ ಅಮೆರಿಕದ್ದೇ. ಮಲೇರಿಯಾಕ್ಕೆ ನುಂಗಿದ 'ಕ್ವಿನೈನ್' ಹಿಂದಿರುವುದು ಆಂಡೀಸ್‌ನ ಕೆಚುವಾ ಮಾತಿನ 'ಕಿನಾ', ಅಂದರೆ ತೊಗಟೆ. ಆ ಬೆಟ್ಟದ ಮಾತು ಆಗಲೇ ನಮ್ಮ ಔಷಧದ ಡಬ್ಬಿಯಲ್ಲಿದೆ. ಕನ್ನಡ ಸತ್ತಿತಾ?

*

ಸತ್ತಿಲ್ಲ, ನಿಮ್ಮಂಥವರಿದ್ದೂ. ಕ್ವಿನೈನ್ ಬಂದದ್ದು ಬೇರೆ ದಾರಿ ಇಲ್ಲದೆ. ಇಲ್ಲಿ ದಾರಿ ಇದೆ, ನಿಮಗೆ ಮನಸ್ಸಿಲ್ಲ.

*

ಸುಮ್ನೆ ಒಂದು ಸೇರಿಸುತ್ತೇನೆ. ಆ ದಾರಿಯಲ್ಲಿ ಓಡುವುದು ಹೆಚ್ಚಾಗಿ ಟೊಯೋಟಾ ಲ್ಯಾಂಡ್ ಕ್ರೂಸರ್. 'ಜೀಪ್' ಬೇರೆ ಕಂಪನಿಯ ಹೆಸರು. ಲೆಕ್ಕಕ್ಕೆ 'ಜೀಪ್ ಪ್ರವಾಸ' ಎನ್ನುವುದೇ ತಪ್ಪು.

*

ದಯವಿಟ್ಟು ಇನ್ನು ಸಾಕು. ಹಾಳೆಯಲ್ಲಿ ಹೋಗುತ್ತಿರುವುದು ಇಷ್ಟು: ಉಪ್ಪಿನ ಬಯಲು, ಹಬೆಗುಂಡಿ, ಬಿಸಿನೀರಿನ ಕೊಳ, ಜೀಪ್ ಪ್ರವಾಸ. ಊರಿನ, ಸರೋವರದ ಹೆಸರು ಇದ್ದ ಹಾಗೇ. ಹಬೆಗುಂಡಿಯ ಸಾಲು ದಪ್ಪ ಅಕ್ಷರದಲ್ಲಿ, ಕೆಳಗೆ 'ಅಂಚಿಗೆ ಹೋಗಬೇಡಿ, ಡ್ರೈವರ್ ತೋರಿಸಿದ ಜಾಗದಲ್ಲೇ ನಿಲ್ಲಿ' ಎಂದು ಸೇರಿಸಿದ್ದೇನೆ. ಸೊರೋಚೆ ಹಾಗೇ ಇದೆ, ಲಕ್ಷಣಗಳ ಜೊತೆ. ಎರಡನೇ ದಿನಕ್ಕೆ 'ಚಳಿಯ ಬೆಂಗಾಡು' ಎಂದು ಹಾಕಿದ್ದೇನೆ. ಇಬ್ಬರಿಗೂ ಅರ್ಧರ್ಧ ಸಿಟ್ಟು ಬರಲಿ.

*

'ಚಳಿಯ ಬೆಂಗಾಡು' ವ್ಯಾಕರಣದಲ್ಲಿ ತಪ್ಪಲ್ಲ. ಅರ್ಥದಲ್ಲಿ ತಪ್ಪು. ದಾಖಲೆಗಾಗಿ ಹೇಳಿದ್ದೇನೆ.

*

ನನಗೆ ಸಿಟ್ಟಿಲ್ಲ ಮೇಡಂ, ಅರ್ಧ ಗೆದ್ದೆ. 'ಬೇನೆ' ವೇದನೆಯಿಂದಲೇ ಬಂದದ್ದು ಎನ್ನುವುದಕ್ಕೆ ಶಾಲೆಯ ಪಟ್ಟಿ ಸಾಲದು. ಶಾಸನದ ಆಧಾರ ಇದ್ದರೆ ಮೇಷ್ಟ್ರು ಬೇರೆ ಎಳೆ ಶುರು ಮಾಡಲಿ, ಅಲ್ಲಿ ಮಾತಾಡೋಣ.