ನಾಳೆ ನಾಡಿದ್ದು ರೆಡ್ ಅಲರ್ಟ್, ಮಾದಾಪುರ ಕಡೆಯವರು ಏನೇನು ರೆಡಿ ಮಾಡ್ಕೋತೀರಾ?

ಹೊಸಬಳು_ಮಾದಾಪುರ:
ಎಲ್ರಿಗೂ ನಮಸ್ಕಾರ. ನಾನು ಚಾಮರಾಜನಗರ ಕಡೆಯವಳು, ಟೀಚರ್. ಜೂನ್‌ನಲ್ಲಿ ಇಲ್ಲಿಗೆ ಬಂದು ಬಾಡಿಗೆ ಮನೇಲಿದ್ದೀನಿ, ಜೊತೆಗೆ ಅಮ್ಮ, ಐದು ವರ್ಷದ ಮಗ. ನಮ್ಮೂರಲ್ಲಿ ಮಳೆ ಅಂದ್ರೆ ಒಂದು ಗಂಟೆ ಜೋರಾಗಿ ಹುಯ್ದು ನಿಂತುಬಿಡುತ್ತೆ, ಇಲ್ಲಿ ಹನ್ನೊಂದು ದಿನದಿಂದ ಒಂದು ಬಟ್ಟೆ ಸರಿಯಾಗಿ ಒಣಗಿಲ್ಲ. ಈಗ ನಾಳೆ ನಾಡಿದ್ದು ಕೊಡಗಿಗೆ ರೆಡ್ ಅಲರ್ಟ್, ಗಾಳಿನೂ ಜೋರಂತೆ, ಸ್ಕೂಲಿಗೆ ರಜೆ ಕೊಟ್ಟಾಯ್ತು. ಮನೆ ಓನರ್ ದೂರದಲ್ಲಿದ್ದಾರೆ, ಫೋನ್ ಮಾಡಿದ್ರೆ ಪ್ರತಿ ವರ್ಷ ಹಿಂಗೇ ಮೇಡಂ ಹೆದರಬೇಡಿ ಅಂತಾರೆ. ಅಕ್ಕಿ, ಬೇಳೆ, ಹಾಲಿನ ಪುಡಿ, ಕ್ಯಾಂಡಲ್ ತಂದಿಟ್ಟಿದ್ದೀನಿ. ಇನ್ನೇನು ಬೇಕು? ರೆಡ್ ಅಂದ್ರೆ ಎಷ್ಟು ಮಳೆ ಅಂತ ಲೆಕ್ಕ? ಮನೆ ಹಿಂದೆ ಎರಡಾಳು ಎತ್ತರದ ಬರೆ (ಗುಡ್ಡ ಕಡಿದು ಬಿಟ್ಟ ಮಣ್ಣಿನ ಗೋಡೆ) ಇದೆ, ಅದ್ರ ಮೇಲೆ ತೋಟ, ಸಿಲ್ವರ್ ಓಕ್ ಮರಗಳು. ರಾತ್ರಿ ಗಾಳಿ ಬೀಸಿದಾಗ ಆ ಮರಗಳ ಸದ್ದಿಗೆ ನಿದ್ದೇನೇ ಬರಲ್ಲ.

ಮಳೆಮಾಪಕ:
ಮೇಡಂ, ಹವಾಮಾನ ಇಲಾಖೆ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದ್ರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5 ದಾಟುವ ಅಂದಾಜಿದ್ರೆ ರೆಡ್. ನಮ್ಮ ತೋಟದವರ ಭಾಷೆಯಲ್ಲಿ ಹೇಳೋದಾದ್ರೆ ಎರಡೂವರೆ ಇಂಚು, ನಾಲ್ಕೂವರೆ ಇಂಚು, ಎಂಟು ಇಂಚು. ಬೆಳಿಗ್ಗೆ ಎಂಟೂವರೆಯಿಂದ ಮಾರನೇ ದಿನ ಎಂಟೂವರೆವರೆಗೆ ಅಳೆಯೋದು. ನಮ್ಮಲ್ಲಿ ಅಪ್ಪನ ಕಾಲದಿಂದ ಪುಸ್ತಕದಲ್ಲಿ ಬರೆದಿಡ್ತೇವೆ, ಇಂಚು ಸೆಂಟ್ ಲೆಕ್ಕ, ನೂರು ಸೆಂಟ್ ಅಂದ್ರೆ ಒಂದು ಇಂಚು. ರೆಡ್ ಅಂತ ಹೇಳಿದ ದಿನ ಕೆಲವು ಸಲ ಮೂರೇ ಇಂಚು ಬರ್ತದೆ, ಆಗ ಜನ ಸುಮ್ನೆ ಹೆದರಿಸಿದ್ರು ಅಂತಾರೆ, ಅದು ತಪ್ಪು. ಒಂದೇ ದಿನದ ಮಳೆ ನೋಡ್ಬೇಡಿ, ಹಿಂದಿನ ಹತ್ತು ದಿನದ್ದು ಕೂಡಿಸಿ ನೋಡಿ. ಈಗ ಪುಷ್ಯ ಮಳೆ, ನೆಲ ಆಗ್ಲೇ ಕುಡಿಯುವಷ್ಟು ಕುಡಿದಿದೆ, ಇನ್ನು ಬಿದ್ದದ್ದೆಲ್ಲ ಹರಿದು ಹೋಗ್ಬೇಕು ಇಲ್ಲ ಮಣ್ಣನ್ನೇ ತಗೊಂಡು ಇಳಿಬೇಕು.

ಸಿಲ್ವರ್ ಮರದ ಬಗ್ಗೆ ಹೇಳಿದ್ರಲ್ಲ, ಅದು ಎತ್ತರ ಜಾಸ್ತಿ, ಗಾಳಿಗೆ ಮಧ್ಯಕ್ಕೇ ಮುರೀತದೆ. ಮೇಲಿನ ತೋಟದವ್ರ ಹತ್ರ ಇವತ್ತೇ ಮಾತಾಡಿ. ವಾಲಿದ ಮರ ಇದ್ರೆ ಕೊಂಬೆಯಾದ್ರೂ ತೆಗೆಸಿಯಾರು, ಆದ್ರೆ ಈ ಗಾಳಿಯಲ್ಲಿ ಮರ ಹತ್ತಲು ಯಾರನ್ನೂ ಒತ್ತಾಯ ಮಾಡೋದು ಬೇಡ. ಗಾಡಿ ಮರದ ಕೆಳಗೆ ನಿಲ್ಲಿಸ್ಬೇಡಿ.

ಸೌದೆಒಲೆ:
ತಂಗೀ, ಕ್ಯಾಂಡಲ್ ಸಾಕಾಗಲ್ಲ. ಇಲ್ಲಿ ಒಂದು ಮರ ಲೈನ್ ಮೇಲೆ ಬಿದ್ರೆ ಕರೆಂಟ್ ಎರಡು ದಿನ, ಕೆಲವು ಸಲ ಒಂದು ವಾರ ಬರಲ್ಲ, ಪಾಪ ಲೈನ್‌ಮ್ಯಾನ್‌ಗಳು ಮಳೆಯಲ್ಲೇ ಕಂಬ ಹೊತ್ಕೊಂಡು ಓಡಾಡ್ತಾರೆ, ಅವರನ್ನು ಬೈಯಬಾರದು. ಕರೆಂಟ್ ಹೋದ್ಮೇಲೆ ಟವರ್ ಕೂಡ ಸ್ವಲ್ಪ ಹೊತ್ತಿಗೇ ಹೋಗ್ತದೆ. ಹಾಗಾಗಿ ಫೋನು, ಪವರ್ ಬ್ಯಾಂಕು, ಟಾರ್ಚು ಎಲ್ಲ ಈಗ್ಲೇ ಚಾರ್ಜಿಗೆ ಹಾಕಿ, ಟ್ಯಾಂಕ್ ತುಂಬಿಸಿ, ಕುಡಿಯೋಕೆ ಬೇರೆ ಕಾಯಿಸಿಡಿ, ಕೊಡಗಲ್ಲಿ ಇಷ್ಟು ನೀರಿದ್ದೂ ಮೋಟಾರ್ ಓಡದೆ ಮನೇಲಿ ಒಂದು ಬಿಂದಿಗೆ ನೀರಿಲ್ಲದೆ ಕೂತ ದಿನ ನಾನು ನೋಡಿದ್ದೇನೆ. ಅಮ್ಮಂಗೆ ಬಿಪಿ ಶುಗರ್ ಮಾತ್ರೆ ಇದ್ರೆ ಹದಿನೈದು ದಿನದ್ದು ತಗೊಳ್ಳಿ. ಮನೆಯವರಿಗೆಲ್ಲ ಎಲ್ಲಿದ್ದೀರಿ ಅಂತ ಟವರ್ ಇರುವಾಗಲೇ ಹೇಳಿಡಿ. 1077 ಜಿಲ್ಲಾ ಕಂಟ್ರೋಲ್ ರೂಂ, 1912 ಕರೆಂಟಿಗೆ, 112 ತುರ್ತಿಗೆ, ಗೋಡೆ ಮೇಲೆ ಬರೆದಂಟಿಸಿ, ಫೋನ್ ಸತ್ರೆ ಪಕ್ಕದವ್ರ ಫೋನಿಂದ ಮಾಡ್ಬಹುದು. ತಂತಿ ಬಿದ್ದದ್ದು ಕಂಡ್ರೆ ಕರೆಂಟ್ ಇಲ್ಲ ಅಂತ ಅಂದ್ಕೊಂಡು ಹತ್ರ ಹೋಗ್ಲೇಬೇಡಿ, ಮಗನಿಗೂ ಹೇಳಿ.

ನಮ್ಮನೇಲಿ ಕಕ್ಕಡಕ್ಕೆ (ಕೊಡಗಿನ ಜೋರು ಮಳೆಯ ತಿಂಗಳು) ಅಂತ ಬೇಸಿಗೆಯಲ್ಲೇ ಸೌದೆ ಒಡೆದು ಅಟ್ಟಕ್ಕೆ ಏರಿಸಿಡ್ತೇವೆ, ನಿಮಗೆ ಈಗ ಒಣ ಸೌದೆ ಸಿಗೋದು ಕಷ್ಟ, ಬೇಕಾದ್ರೆ ಒಂದು ಹೊರೆ ಬಂದು ತಗೊಂಡು ಹೋಗಿ.

ಹಟ್ಟಿಹೊಳೆಯಿಂದ:
ಅಕ್ಕ, ಉಳಿದವರು ಹೇಳಿದ್ದೆಲ್ಲ ಸರಿ, ಆದ್ರೆ ನೀವು ಕೊನೇಲಿ ಬರೆದಿದ್ದೀರಲ್ಲ, ಮನೆ ಹಿಂದಿನ ಬರೆ, ನನ್ನ ಕಣ್ಣಿಗೆ ಬಿದ್ದದ್ದು ಅದೊಂದೇ. 2018ರಲ್ಲಿ ನಾನು ಪಿಯುಸಿ. ಜೂನ್‌ನಿಂದ ಬಿಡದೆ ಹೊಯ್ದಿತ್ತು, ಆಗಸ್ಟ್ ಮಧ್ಯದಲ್ಲಿ ಮೂರು ದಿನ ಸುರಿದದ್ದಕ್ಕೆ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲ ಎಲ್ಲ ಕಡೆ ಗುಡ್ಡ ಇಳೀತು. ಅಜ್ಜಿ ಮನೇಲಿ ಎರಡು ದಿನ ಮೊದ್ಲೇ ಹಿಂದಿನ ಬಾಗಿಲು ಹಾಕೋಕೆ ಆಗ್ತಿರಲಿಲ್ಲ, ಮರ ಥಂಡಿಗೆ ಉಬ್ಬಿದೆ ಅಂದ್ಕೊಂಡ್ವಿ. ಅದು ಥಂಡಿಗಲ್ಲ, ನೆಲ ಜಾರ್ತಾ ಇತ್ತು. ಜನ ಬದುಕಿದ್ರು, ಮನೆ ಹೋಯ್ತು.

ಈಗ ಬೆಳಕಿದೆ, ಕೊಡೆ ಹಿಡ್ಕೊಂಡು ಹಿಂದೆ ಹೋಗಿ, ಬರೆ ಬುಡಕ್ಕೆ ಅಂಟಿಕೊಂಡು ನಿಲ್ಬೇಡಿ, ದೂರದಿಂದ ನೋಡಿ. ಬರೆ ಮೇಲೆ ನೆಲ ಬಿರುಕು ಬಿಟ್ಟಿದ್ಯಾ, ಮರ ನಿಮ್ಮ ಕಡೆ ವಾಲಿದ್ಯಾ, ಹೊಸದಾಗಿ ಎಲ್ಲಾದ್ರೂ ನೀರು ಒಸರ್ತಿದ್ಯಾ, ಆ ನೀರಿನ ಬಣ್ಣ ಏನು. ತಿಳಿ ನೀರಾದ್ರೆ ಬರೀ ಒರತೆ ಇರಬಹುದು, ಕೆಂಪು ನೀರು ಬಂದ್ರೆ ಒಳಗಿಂದ ಮಣ್ಣು ಬರ್ತಿದೆ ಅಂತ. ಹರೀತಿದ್ದ ತೋಡು (ಸಣ್ಣ ಹಳ್ಳ) ಒಮ್ಮೆಗೇ ನಿಂತ್ರೂ ಭಯವೇ, ಮೇಲೆ ಎಲ್ಲೋ ಮಣ್ಣು ಕಟ್ಟಿಕೊಂಡಿರ್ತದೆ. ಇದ್ರಲ್ಲಿ ಒಂದು ಕಂಡ್ರೂ ಸಾಕು, ಕತ್ತಲಾಗೋ ಮೊದ್ಲು ಹೊರಡಿ. 2020ರಲ್ಲಿ ತಲಕಾವೇರಿಯಲ್ಲಿ ಗಜಗಿರಿ ಬೆಟ್ಟ ಜರಿದದ್ದು ರಾತ್ರಿಯೇ, ಮಲಗಿದ್ದವರಿಗೆ ಏಳೋಕೂ ಸಮಯ ಸಿಗಲಿಲ್ಲ.

ಹೊಸಬಳು_ಮಾದಾಪುರ:
ನೋಡ್ಕೊಂಡು ಬಂದೆ. ಬಿರುಕು ಕಾಣಲಿಲ್ಲ, ಮೇಲೆ ಹತ್ತೋಕೆ ಧೈರ್ಯ ಬರಲಿಲ್ಲ. ಆದ್ರೆ ಬುಡದಲ್ಲಿ ಎರಡು ಕಡೆ ನೀರು ಬರ್ತಿದೆ, ಒಂದು ತಿಳಿ, ಇನ್ನೊಂದು ಟೀ ಬಣ್ಣ. ಮೊನ್ನೆ ಅಲ್ಲಿ ನೀರು ಇರಲಿಲ್ಲ, ಅಲ್ಲೇ ಬಟ್ಟೆ ಕಲ್ಲು ಇರೋದು, ನಂಗೆ ಗೊತ್ತಿರುತ್ತೆ. ಅಮ್ಮ ಓನರ್ ಹೇಳಿದ್ದಾರಲ್ಲ ಸುಮ್ನಿರು ಅಂತಿದ್ದಾರೆ. ಮಡಿಕೇರಿಯಲ್ಲಿ ನಮ್ಮ ಸ್ಕೂಲ್ ಟೀಚರ್ ಒಬ್ರಿದ್ದಾರೆ, ಅಲ್ಲಿಗೆ ಹೋಗ್ಲಾ?

ಹಟ್ಟಿಹೊಳೆಯಿಂದ:
ಹೊರಡಿ ಅಕ್ಕ. ಅಮ್ಮಂಗೆ ಈ ಪೋಸ್ಟನ್ನೇ ಓದಿ ಹೇಳಿ. ಆದ್ರೆ ಮಡಿಕೇರಿ ಬೇಡ, ಹಟ್ಟಿಹೊಳೆ ಮಕ್ಕಂದೂರು ರೋಡಲ್ಲೇ ಬರೆಗಳು ಜಾಸ್ತಿ, ಮಧ್ಯದಲ್ಲಿ ಸಿಕ್ಕಿಹಾಕಿಕೊಂಡ್ರೆ ಹಿಂದೂ ಇಲ್ಲ ಮುಂದೂ ಇಲ್ಲ. ಸುಂಟಿಕೊಪ್ಪ ಕಡೆ ಇಳೀರಿ.

ಸೌದೆಒಲೆ:
ಸುಂಟಿಕೊಪ್ಪದಲ್ಲಿ ನನ್ನ ನಾದಿನಿ ಮನೆ ಇದೆ, ಎರಡು ರೂಂ ಖಾಲಿ. ಅವಳಿಗೆ ಫೋನ್ ಮಾಡಿ ಹೇಳಿದ್ದೇನೆ, ಒಲೆ ಮೇಲೆ ಬಿಸಿನೀರು ಇಟ್ಟಾಗಿದೆ. ನಂಬರ್ ಮೆಸೇಜ್ ಮಾಡಿದ್ದೇನೆ ನೋಡು. ಮಗನ ಸ್ವೆಟರ್, ಆಧಾರು, ಬ್ಯಾಂಕ್ ಪುಸ್ತಕ, ನಿನ್ನ ಸರ್ಟಿಫಿಕೇಟು ಪ್ಲಾಸ್ಟಿಕ್ ಕವರಲ್ಲಿ ಹಾಕ್ಕೋ. ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿ, ಮೈನ್ ಸ್ವಿಚ್ ಇಳಿಸಿ ಬಾ.

ಹೊಸಬಳು_ಮಾದಾಪುರ:
ಆರೂಕಾಲಿಗೆ ತಲುಪಿದ್ವಿ. ಮಗ ಊಟ ಮಾಡಿ ಮಲಗಿದ. ಅಕ್ಕ, ನಿಮ್ಮ ನಾದಿನಿ ಅಮ್ಮನ ಕಾಲಿಗೆ ಬಿಸಿ ಎಣ್ಣೆ ಹಚ್ಚಿಕೊಟ್ರು, ನಂಗೆ ಅಳು ಬಂತು.

ಮಳೆಮಾಪಕ:
ಬೆಳಿಗ್ಗೆ ಎಂಟೂವರೆ ಲೆಕ್ಕ: 6 ಇಂಚು 40 ಸೆಂಟ್. ಇನ್ನೂ ಬರ್ತಾ ಇದೆ. ನಮ್ಮ ತೋಟದಲ್ಲಿ ಮೂರು ಸಿಲ್ವರ್ ಹೋಯ್ತು, ಕರೆಂಟಿಲ್ಲ, ಕಾರಲ್ಲಿ ಫೋನ್ ಚಾರ್ಜ್ ಮಾಡಿ ಬರೀತಿದ್ದೇನೆ. ಮೇಡಂ, ಮನೆ ಎಲ್ಲಿ ಅಂತ ಗುರುತು ಹೇಳಿ, ಮಳೆ ಸ್ವಲ್ಪ ಬಿಟ್ಟಾಗ ರೋಡಿಂದಲೇ ನೋಡಿ ಬರ್ತೇನೆ. ಅಲ್ಲಿವರೆಗೆ ವಾಪಸ್ ಹೊರಡ್ಬೇಡಿ.