ಮಾಂಸ ಇಲ್ಲದ ಚಿಲ್ಲಿ ಮನೆಯಲ್ಲಿ ಹೇಗೆ ಮಾಡುತ್ತೀರಿ? ಅನುಭವ ಹೇಳಿ

ಪ್ರಶ್ನೆ:
ಕಾಳು, ಟೊಮೆಟೊ ಹಾಕಿ ಮಾಂಸ ಇಲ್ಲದ ಚಿಲ್ಲಿಯನ್ನು (ಅಮೆರಿಕದ ಖಾರದ, ಗಟ್ಟಿ ರಸದ ಅಡುಗೆ) ಎರಡು ಸಲ ಮಾಡಿದೆ. ಎರಡು ಸಲವೂ ಸರಿ ಬರಲಿಲ್ಲ. ಎರಡು ಗಂಟೆ ಕುದಿಸಿದರೂ ರಾಜ್ಮಾ ಗಟ್ಟಿಯಾಗಿಯೇ ಇತ್ತು. ರಸ ನೀರು ನೀರು. ಖಾರ ಮಾತ್ರ ನೆತ್ತಿಗೇರುವಷ್ಟು. ಎಲ್ಲಿ ತಪ್ಪಿದೆ?

ಉತ್ತರ 1:
ಟೊಮೆಟೊ ಮತ್ತು ಕಾಳು ಒಟ್ಟಿಗೆ ಹಾಕಿದ್ದೀರಿ ಅನ್ನಿಸುತ್ತದೆ, ಅಲ್ವಾ? ಹುಳಿ ಬಿದ್ದರೆ ಕಾಳು ಮೆತ್ತಗಾಗುವುದು ತುಂಬಾ ನಿಧಾನ. ನನಗೂ ಮೊದಲ ಸಲ ಹೀಗೇ ಆಗಿತ್ತು. ಈಗ ರಾತ್ರಿಯೇ ನೆನೆಸಿಡುತ್ತೇನೆ, ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಹಾಕಿ. ಉಪ್ಪುನೀರಲ್ಲಿ ನೆನೆದರೆ ಸಿಪ್ಪೆ ಮೆತ್ತಗಾಗುತ್ತದೆ. ಬೆಳಗ್ಗೆ ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿ. ಒಂದು ಕಾಳನ್ನು ಬೆರಳ ನಡುವೆ ಹಿಚುಕಿ ನೋಡಿ. ನಡುವೆ ಗಟ್ಟಿಯಾಗಿ ಬಿಳಿ ಚುಕ್ಕೆ ಸಿಕ್ಕರೆ ಇನ್ನೂ ಬೇಯಬೇಕು. ಕಾಳು ಹಳೆಯದಾಗಿದ್ದರೆ ಚಿಟಿಕೆ ಅಡುಗೆ ಸೋಡಾ ಹಾಕಿ. ಪೂರ್ತಿ ಬೆಂದ ಮೇಲೇ ಟೊಮೆಟೊ.

ಖಾರದ ವಿಷಯಕ್ಕೆ ಬರುತ್ತೇನೆ. ಅಮೆರಿಕದ ರೆಸಿಪಿಗಳಲ್ಲಿ ಚಿಲ್ಲಿ ಪೌಡರ್ ಅಂದರೆ ಬರೀ ಮೆಣಸಿನಪುಡಿ ಅಲ್ಲ. ಖಾರ ಕಡಿಮೆ ಇರುವ ಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ, ಒರೆಗಾನೊ ಎಲ್ಲ ಸೇರಿದ ಮಸಾಲೆ ಅದು. ಅದಕ್ಕೇ ಅವರು ಮೂರು ಚಮಚ ಅಂತ ಬರೆಯುತ್ತಾರೆ. ನಾವು ಅಷ್ಟೇ ಅಳತೆಗೆ ಖಾರದಪುಡಿ ಸುರಿದರೆ ಬಾಯಿ ಉರಿಯದೆ ಇರುತ್ತದೆಯೇ? ಖಾರದಪುಡಿ ಅರ್ಧ ಚಮಚದಿಂದ ಶುರು ಮಾಡಿ. ಜೀರಿಗೆ ಪುಡಿ ಎರಡು ಚಮಚ, ಒರೆಗಾನೊ ಒಂದು ಚಮಚ ಬೇರೆಯಾಗಿ ಹಾಕಿ.

ನನ್ನ ಪ್ರಕಾರ ಮಾಂಸ ಇಲ್ಲದ ಚಿಲ್ಲಿ ಸಪ್ಪೆಯಾಗುವುದು ಹುರಿಯುವುದರಲ್ಲಿ ಅವಸರ ಮಾಡಿದರೆ. ಮಾಂಸವನ್ನು ಕಂದು ಬಣ್ಣಕ್ಕೆ ಹುರಿದಾಗ ಬರುವ ಆ ಗಾಢ ರುಚಿ ಇಲ್ಲಿ ಬೇರೆ ಕಡೆಯಿಂದ ಬರಬೇಕು. ನಾನು ಅಣಬೆಯನ್ನು ಸಣ್ಣಗೆ ಕೊಚ್ಚಿ ಅಗಲ ಪಾತ್ರೆಯಲ್ಲಿ ಹಾಕುತ್ತೇನೆ. ಮೊದಲು ಅದು ನೀರು ಬಿಡುತ್ತದೆ. ಸುಮ್ನೆ ಬಿಟ್ಟುಬಿಡಿ. ನೀರೆಲ್ಲ ಆರಿ ಚರಚರ ಸದ್ದು ಶುರುವಾಗುತ್ತದೆ, ಅಂಚು ಕಂದಾಗುತ್ತದೆ. ಆಗ ಎಣ್ಣೆ, ಈರುಳ್ಳಿ. ಈರುಳ್ಳಿ ಬಾಡಿದ ಮೇಲೆ ಟೊಮೆಟೊ ಪೇಸ್ಟ್ ಹಾಕಿ ಇಟ್ಟಿಗೆ ಬಣ್ಣ ಬರುವವರೆಗೆ ತಿರುಗಿಸುತ್ತಿರಿ. ಕೊನೆಗೆ ಪುಡಿಗಳು, ಅರ್ಧ ನಿಮಿಷ ಸಾಕು, ಜಾಸ್ತಿಯಾದರೆ ಕಹಿ. ತಳಕ್ಕೆ ಅಂಟಿದ್ದನ್ನು ಸ್ವಲ್ಪ ನೀರು ಹಾಕಿ ಕೆರೆದು ಬಿಡಿಸಿ, ಅದರಲ್ಲೇ ಇರುವುದು ರುಚಿ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಒಂದು ಎಚ್ಚರಿಕೆ ಸೇರಿಸುತ್ತೇನೆ. ಹಸಿ ರಾಜ್ಮಾವನ್ನು ನೇರವಾಗಿ ಸ್ಲೋ ಕುಕ್ಕರ್‌ಗೆ (ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆ) ಹಾಕಬೇಡಿ. ಅದರಲ್ಲಿ ಲೆಕ್ಟಿನ್ ಎಂಬ ವಿಷದ ಅಂಶ ಇರುತ್ತದೆ, ಸಣ್ಣ ಶಾಖಕ್ಕೆ ಅದು ಹೋಗುವುದಿಲ್ಲ. ಅರೆಬೆಂದ ನಾಲ್ಕೈದು ಕಾಳು ತಿಂದರೂ ವಾಂತಿ ಭೇದಿ ಆಗಬಹುದು. ನೆನೆಸಿದ ನೀರು ಚೆಲ್ಲಿ, ಕನಿಷ್ಠ 10 ನಿಮಿಷ ಚೆನ್ನಾಗಿ ಕುದಿಸಿ, ಅರ್ಧ ಗಂಟೆಯಾದರೆ ಇನ್ನೂ ಒಳ್ಳೆಯದು. ಆಮೇಲೆ ಸ್ಲೋ ಕುಕ್ಕರ್ ಬಳಸಿ. ಡಬ್ಬಿಯಲ್ಲಿ ಬರುವುದು ಬೆಂದಿರುತ್ತದೆ, ಅದಕ್ಕೆ ಈ ಚಿಂತೆ ಇಲ್ಲ.

ಅಗಿಯಲು ಏನಾದರೂ ಬೇಕೆಂದರೆ ಸೋಯಾ ಗ್ರಾನ್ಯೂಲ್ಸ್. ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ, ಗಟ್ಟಿಯಾಗಿ ಹಿಂಡಿ, ಎಣ್ಣೆಯಲ್ಲಿ ಹುರಿದು ಹಾಕಿ. ಹಿಂಡದೆ ಹಾಕಿದರೆ ಸ್ಪಂಜಿನ ಹಾಗಿರುತ್ತದೆ.

ಉತ್ತರ 3:
ರಸ ನೀರಾಗಿದ್ದರೆ ಬೆಂದ ಕಾಳಲ್ಲಿ ಒಂದು ಸೌಟು ತೆಗೆದು ಮಸೆದು ವಾಪಸ್ ಹಾಕಿ. ಮುಚ್ಚಳ ತೆಗೆದು ಸಣ್ಣ ಉರಿಯಲ್ಲಿ 30 ನಿಮಿಷ ಬಿಡಿ. ಸಿಹಿ ಇಲ್ಲದ ಕೋಕೋ ಪುಡಿ ಒಂದು ಚಮಚ, ಸೋಯಾ ಸಾಸ್ ಒಂದು ಚಮಚ ಹಾಕಿ ನೋಡಿ. ಕೋಕೋ ಹಾಕಿದ್ದು ಯಾರಿಗೂ ಗೊತ್ತಾಗುವುದಿಲ್ಲ, ರುಚಿ ಮಾತ್ರ ತುಂಬಿಕೊಳ್ಳುತ್ತದೆ. ಹೊಗೆಯ ವಾಸನೆ ಇಷ್ಟವಾದರೆ ಚಿಪೋಟ್ಲೆ, ಅಂದರೆ ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿ.

ಮಾಂಸ ಇಲ್ಲದಿದ್ದರೆ ಅದು ಚಿಲ್ಲಿಯೇ ಅಲ್ಲ ಅನ್ನುವವರು ಸಿಗುತ್ತಾರೆ. ಟೆಕ್ಸಾಸ್ 1977ರಲ್ಲಿ ಮಾಂಸದ ಚಿಲ್ಲಿಯನ್ನು ತನ್ನ ರಾಜ್ಯದ ಅಡುಗೆ ಎಂದು ಘೋಷಿಸಿತು. ಅಲ್ಲಿ ಅನೇಕರು ಕಾಳು ಹಾಕುವುದನ್ನೂ ಒಪ್ಪುವುದಿಲ್ಲ. ಮಾಂಸದ ಚಿಲ್ಲಿಯ ಹಾಗೇ ಇರಬೇಕು ಅಂತ ಹೊರಡಬೇಡಿ. ಕಾಳಿನ ರುಚಿಯೇ ಮುಂದೆ ಬರಲಿ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಥ್ಯಾಂಕ್ಸ್. ಹೌದು, ಟೊಮೆಟೊ ಮೊದಲೇ ಹಾಕಿದ್ದೆ, ಖಾರದಪುಡಿ ಮೂರು ಚಮಚ! ನಿನ್ನೆ ಅಣಬೆ ಹುರಿದು ಮಾಡಿದೆ. ಕಾಳು ಮುಟ್ಟಿದರೆ ಒಡೆಯುತ್ತಿತ್ತು. ಸ್ವಲ್ಪ ಹುಳಿ ಜಾಸ್ತಿ ಅನ್ನಿಸಿತು. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಇವತ್ತು ಬಿಸಿ ಮಾಡಿದರೆ ಆ ಹುಳಿಯೂ ಇಳಿದಿತ್ತು.